ಮರಳಿ ಬಂದ ತಂದೆಯನ್ನು ಕುರಿತು



ಆರು ವರ್ಷ ಮನೆಯನ್ನು ತೊರೆದಿದ್ದ ನಿನ್ನ ತಂದೆ ಮರಳಿ ಬಂದು ಮೂರು ತಿಂಗಳಾದರೂ ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲು ಮನಸ್ಸು ಒಡಂಬಡದೆಂದೂ, ‘ಹೆತ್ತ ತಂದೆಯಲ್ಲವೆ, ಕ್ಷಮಿಸಿಬಿಡು’ ಎಂದು ನೆಂಟರಿಷ್ಟರು ಹೇಳಿದಷ್ಟೂ ಕ್ರೋಧವು ಇಮ್ಮಡಿಸುತ್ತದೆಂದೂ ಬರೆದಿರುವೆ. ಆ ಕ್ರೋಧಕ್ಕಾಗಿ ನಾನು ನಿನ್ನನ್ನು ನಿಂದಿಸಲಾರೆ. ಅದು ನ್ಯಾಯವಾದದ್ದೇ.

ನನ್ನ ಅಪ್ಪಯ್ಯನೂ 1948ರಲ್ಲಿ, ನಾನು ಏಳು ವರ್ಷದವನಿದ್ದಾಗ, ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋದರು. ಮಾಟುಂಗದ ಹೋಟೆಲುಗಳಲ್ಲಿ ದುಡಿಯಲು ನಮ್ಮ ಉಡುಪಿಯ ಕಡೆಯಿಂದ ಹೋದವರಲ್ಲಿ ಬಹುಮಂದಿ ತಪ್ಪದೆ ಮನಿಯಾರ್ಡರು ಕಳುಹಿಸುತ್ತಿದ್ದರು. ಅಪ್ಪಯ್ಯನದು ಎರಡನೆಯ ವರ್ಷಕ್ಕೇ ನಿಂತಿತು, ಕಾಗದವೂ ನಿಂತಿತು. ಅಮ್ಮ ಪರರ ಅಂಗಳದಲ್ಲಿ ಅಡಕೆ ಸುಲಿದು ನನ್ನನ್ನು ಸಾಕಿದಳು. 1955ರ ಮಳೆಗಾಲದಲ್ಲಿ ಒಂದು ಟ್ರಂಕಿನೊಡನೆ ಬಂದ ಅವರು, ಕಾಲು ತೊಳೆದು, ಒಳಗೆ ಬರಬಹುದೋ ಬಾರದೋ ಎಂದು ತಿಳಿಯದೆ, ಜಗಲಿಯ ಕೆಳಗೇ ನಿಂತಿದ್ದರು. ಅಂದು ರಾತ್ರಿ ಊಟವಾದೊಡನೆ ಎಲ್ಲರ ಲೋಟಗಳನ್ನೂ ಎತ್ತಿಕೊಂಡು ಹೋಗಿ, ಬಾವಿಕಟ್ಟೆಯ ಬಳಿ ತೊಳೆದು, ಸಾಲಾಗಿ ಬೋರಲು ಹಾಕಿದರು. ಮರುದಿನವೂ ಹಾಗೆಯೇ ಮಾಡಿದರು. ಪಾತ್ರೆ ತೊಳೆಯುವ ಸೋಡಾ ತಿಂದ ಅವರ ಬೆರಳಸಂದುಗಳು ಬೆಳ್ಳಗೆ ಬಿರಿದಿದ್ದವು. ಆ ಏಳು ವರ್ಷ ಅವರು ಏನಾಗಿದ್ದರೆಂಬುದು ಆ ಕೈಗಳಿಂದಲೇ ನನಗೆ ವಿದಿತವಾಯಿತು. ಆದರೂ ಅಮ್ಮನ ಕೈಗೆ ಹತ್ತಿದ ಅಡಕೆಯ ಕಲೆ ಅದರಿಂದ ಅಳಿಯುವಂತಿರಲಿಲ್ಲವಾಗಿ, ನಾನು ಮಾತನಾಡಲಿಲ್ಲ.

ನಮ್ಮೂರ ಬಯಲಾಟದಲ್ಲಿ ಬಭ್ರುವಾಹನ ಕಾಳಗವನ್ನು ಕಂಡದ್ದು ಆ ದಿನಗಳಲ್ಲಿಯೇ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಆ ಕಥೆಯಲ್ಲಿ, ತಂದೆ ಬಂದನೆಂದು ಕಾಣಿಕೆಗಳೊಡನೆ ಎದುರುಗೊಂಡು ಕಾಲಿಗೆರಗಿದ ಮಗನನ್ನು ಅರ್ಜುನನು ಒದೆದು ಹಳಿಯುತ್ತಾನೆ; ಮಗನು ಆಗ ಬಿಲ್ಲೆತ್ತುತ್ತಾನೆ; ತಂದೆ ಹತನಾಗಿ, ನಾಗಲೋಕದ ಮಣಿಯಿಂದ ಮರಳಿ ಎದ್ದ ಮೇಲೆಯೇ ಅವರಿಬ್ಬರೂ ತಂದೆಮಕ್ಕಳಾಗುತ್ತಾರೆ. ಕೇಳಬೇಕಾದುದನ್ನು ಕೇಳದೆ ಬಗ್ಗಿಸಿದ ತಲೆಗೆ ಬೆಲೆಯಿಲ್ಲವೆಂದು ನಾನು ಅಂದು ತಿಳಿದೆ. ನಮಗೆ ಬಾಣ ಬೇಡ, ಮಾತು ಸಾಕು. ಆದರೆ ಆ ಮಾತನ್ನಾಡಲು ಧೈರ್ಯ ಬರುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

“ಕಾಗದವನ್ನಾದರೂ ಯಾಕೆ ಬರೆಯಲಿಲ್ಲ?” ಎಂದು ಬಾವಿಕಟ್ಟೆಯಲ್ಲಿ ಕೇಳಿದೆ. ಲೋಟವನ್ನು ಕೆಳಗಿಟ್ಟು, “ಕಳಿಸಲು ಹಣವಿಲ್ಲದೆ ಬರೆಯಲು ನಾಚಿಕೆಯಾಯಿತು ಮಗಾ, ಆಮೇಲೆ ಹೆದರಿಕೆಯಾಯಿತು” ಎಂದರು. ಆ ಉತ್ತರ ಸಾಲದೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಮರುದಿನ ರಾತ್ರಿ ಅವರು ಲೋಟ ತೊಳೆಯುವಾಗ ನಾನು ನೀರು ಸೇದಿ ಹೊಯ್ದೆ. ಕ್ಷಮೆಯೆಂಬ ಶಬ್ದವನ್ನು ನಾವಿಬ್ಬರೂ ಎಂದೂ ಆಡಲಿಲ್ಲ. ಅನಂತರ ಅವರು ಬದುಕಿದ್ದು ಎರಡೇ ವರ್ಷ.

ಆದುದರಿಂದ ಕ್ಷಮಿಸೆಂದು ನಾನು ನಿನ್ನನ್ನು ಒತ್ತಾಯಪಡಿಸುವುದಿಲ್ಲ. ಈ ವಾರದಲ್ಲಿ ಒಂದು ದಿನ, ಅವರೊಬ್ಬರೇ ಇರುವಾಗ, ನಿನ್ನ ಪ್ರಶ್ನೆಯನ್ನು ಕೇಳು. ಅವರ ಉತ್ತರ ಮುಗಿಯುವವರೆಗೆ ಎದ್ದುಹೋಗಬೇಡ.