ಮಿನುಗುವ ಫಲಕದ ಪರೀಕ್ಷೆ

ಸೂಕ್ಷ್ಮದರ್ಶಕಕ್ಕೂ ನಿಲುಕದ ಕಣವೊಂದು ಇಲ್ಲಿ ಹಾದುಹೋಯಿತೆಂದು ವಿಜ್ಞಾನಿಗಳು ಯಾವ ಆಧಾರದ ಮೇಲೆ ಹೇಳುತ್ತಾರೆ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಸಿಂಟಿಲೇಟರ್ ಒಂದು. ವಿದ್ಯುದಾವೇಶವುಳ್ಳ ಕಣವು ತೂರಿಹೋದಾಗ ಕ್ಷಣಮಾತ್ರ ಮಿನುಗುವ ಪದಾರ್ಥಕ್ಕೆ ಈ ಹೆಸರು. 1909ರ ಸುಮಾರಿಗೆ ಮ್ಯಾಂಚೆಸ್ಟರ್ ನಗರದಲ್ಲಿ ರುದರ್‌ಫರ್ಡರ ಸಹಾಯಕರಾದ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬವರು ಕತ್ತಲೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಲೇಪಿಸಿದ ತೆರೆಯ ಮೇಲಿನ ಮಿನುಗುಗಳನ್ನು ಕಣ್ಣಿನಿಂದಲೇ ಎಣಿಸಿದರು. ಕಣ್ಣು ದಣಿದರೆ ಎಣಿಕೆ ತಪ್ಪುವುದು ಸಹಜ. ಆ ಕೆಲಸವನ್ನು ಮುಂದೆ ಫೋಟೊಮಲ್ಟಿಪ್ಲಯರ್ ಎಂಬ ನಳಿಗೆಯು ವಹಿಸಿಕೊಂಡಿತು.

ಪಾಲಿಸ್ಟೈರೀನಿನಂತಹ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಸೂಸುವ ದ್ರವ್ಯಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ಫಲಕವನ್ನು ಎರೆಯುತ್ತಾರೆ. ಆಕಾಶದಿಂದ ಬರುವ ಮ್ಯೂಆನ್ ಎಂಬ ಕಣವು 1 ಸೆಂಟಿಮೀಟರ್ ದಪ್ಪದ ಫಲಕವನ್ನು ದಾಟಿದರೆ ಸುಮಾರು 20,000 ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಹುಟ್ಟುತ್ತವೆ. ಇವುಗಳಲ್ಲಿ ಬಹುಪಾಲು ನಳಿಗೆಯನ್ನು ಮುಟ್ಟದೆ ನಷ್ಟವಾಗುತ್ತವೆ. ಆದುದರಿಂದಲೇ ಫಲಕದ ಅಂಚುಗಳನ್ನು ಕನ್ನಡಿಯಂತೆ ಉಜ್ಜಿ ನಯಮಾಡಬೇಕು. ಬೆಳಕನ್ನು ಹಿಂದಿರುಗಿಸುವ ಬಿಳಿಯ ಹಾಳೆಯನ್ನು ಸುತ್ತಬೇಕು. ಅದರ ಮೇಲೆ ಕಪ್ಪು ಕಾಗದವನ್ನು ಹೊದಿಸಬೇಕು. ಫಲಕಕ್ಕೂ ನಳಿಗೆಗೂ ನಡುವೆ ಗಾಳಿಯ ತೆಳುಪದರ ಉಳಿದರೂ ಬೆಳಕು ಸೋರಿಹೋಗುವುದರಿಂದ ಅಲ್ಲಿ ಪಾರದರ್ಶಕವಾದ ಗ್ರೀಸನ್ನು ಸವರುತ್ತಾರೆ. ನಳಿಗೆಯನ್ನು ತಲುಪಿದ ನಾಲ್ಕು ಫೋಟಾನುಗಳಲ್ಲಿ ಸಾಮಾನ್ಯವಾಗಿ ಸುಮಾರು ಒಂದು ಇಲೆಕ್ಟ್ರಾನನ್ನು ಹೊರಡಿಸುತ್ತದೆ. ಆ ಒಂದೇ ಇಲೆಕ್ಟ್ರಾನು ನಳಿಗೆಯೊಳಗೆ ಹಂತಹಂತವಾಗಿ ಹತ್ತು ಲಕ್ಷದಷ್ಟಾಗುತ್ತದೆ.

ಫಲಕವನ್ನು ಕಟ್ಟಿದೊಡನೆ ಅದನ್ನು ನಂಬುವಂತಿಲ್ಲ. ಕಪ್ಪು ಹೊದಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಹೊರಗಿನ ಬೆಳಕು ಕಣದ ವೇಷ ಹಾಕುತ್ತದೆ. ಕೋಣೆಯ ದೀಪವನ್ನು ಹೊತ್ತಿಸಿ ಆರಿಸಿ, ಎಣಿಕೆ ಬದಲಾಗುವುದೋ ಎಂದು ನೋಡಬೇಕು. ಇನ್ನೊಂದು ತೊಡಕು ನಳಿಗೆಯದೇ. ಗಾಢಾಂಧಕಾರದಲ್ಲಿಯೂ ಅದು ಶಾಖದಿಂದ ತಾನಾಗಿ ಇಲೆಕ್ಟ್ರಾನುಗಳನ್ನು ಹೊರಡಿಸಿ ಸುಳ್ಳು ಸಾಕ್ಷಿ ನುಡಿಯುತ್ತದೆ. ಇದಕ್ಕೆ ಪರಿಹಾರವು ಬಲು ಸರಳ: ಎರಡು ಫಲಕಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಒಡನೊಡನೆ ಮಿನುಗಿದಾಗ ಮಾತ್ರ ಎಣಿಸುವುದು.

ಈಗ ಆ ಎರಡರ ನಡುವೆ, ಅವುಗಳಿಗಿಂತ ಸ್ವಲ್ಪ ದೊಡ್ಡದಾದ ಮೂರನೆಯ ಫಲಕವನ್ನು ಇರಿಸೋಣ. ಮೇಲಿನ ಮತ್ತು ಕೆಳಗಿನ ಫಲಕಗಳೆರಡನ್ನೂ ದಾಟಿದ ಕಣವು ನಡುವಿನದನ್ನು ತಪ್ಪಿಸಿಕೊಳ್ಳಲಾರದು. ಹೊರಗಿನವೆರಡು 1,000 ಸಲ ಒಟ್ಟಿಗೆ ಮಿನುಗಿದಾಗ ನಡುವಿನದು 970 ಸಲ ಮಿನುಗಿತೆಂದರೆ ಅದರ ದಕ್ಷತೆ ನೂರಕ್ಕೆ 97. ಪರೀಕ್ಷೆಗೆ ಬೇಕಾದ ಮ್ಯೂಆನುಗಳನ್ನು ಕೊಂಡುತರಬೇಕಾಗಿಲ್ಲ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ನಮ್ಮೆಲ್ಲರ ಮೇಲೆ ಸದಾ ಸುರಿಯುತ್ತಿವೆ; ಈ ಸಾಲನ್ನು ಓದುವಷ್ಟರಲ್ಲಿ ನಿಮ್ಮ ಅಂಗೈಯನ್ನು ಕೆಲವು ದಾಟಿಹೋಗಿರುತ್ತವೆ.

ಇಷ್ಟೊಂದು ಪರೀಕ್ಷೆ ಏತಕ್ಕೆಂದು ಕೇಳುವವರು ಕೋಲಾರದ ಚಿನ್ನದ ಗಣಿಯ ಕಥೆಯನ್ನು ತಿಳಿಯಬೇಕು. 1960ರ ದಶಕದ ಆರಂಭದಲ್ಲಿ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಗಣಿಯ ಬೇರೆಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸಿದರು. ಇಳಿದಂತೆಲ್ಲ ಎಣಿಕೆ ಕುಗ್ಗಿತು. ಅತ್ಯಂತ ಆಳದ ನೆಲೆಯಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೂ ಕಾಣಿಸಲಿಲ್ಲ. ಕೆಟ್ಟುಹೋದ ಯಂತ್ರವೂ ಸೊನ್ನೆಯನ್ನೇ ತೋರಿಸುತ್ತದೆಯಲ್ಲವೆ? ಚೆನ್ನಾಗಿ ಪರೀಕ್ಷಿಸಲ್ಪಟ್ಟ ಫಲಕದ ಸೊನ್ನೆಗೆ ಮಾತ್ರ ಅರ್ಥವುಂಟು. ಮ್ಯೂಆನುಗಳನ್ನು ಶಿಲೆಯೇ ತಡೆದಿದೆಯೆಂದು ಅದರಿಂದ ತಿಳಿಯಿತು. ಅಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ಕಣವೊಂದು ಅಡ್ಡಲಾಗಿ ಹಾದುಬಂದರೆ, ಯಾವ ಶಿಲೆಗೂ ಜಗ್ಗದ ನ್ಯೂಟ್ರಿನೊ ಒಂದು ಹತ್ತಿರದ ಬಂಡೆಯಲ್ಲಿ ಅದನ್ನು ಹುಟ್ಟಿಸಿರಬೇಕು.

ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ನಗರಗಳ ವಿಜ್ಞಾನಿಗಳೂ ಈ ಕಾರ್ಯದಲ್ಲಿ ಕೂಡಿಕೊಂಡರು. ನಮ್ಮ ಕಡೆಯ ಪ್ರಮುಖರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಒಬ್ಬರು. ಸುಮಾರು 2,300 ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರುಗಳನ್ನು ಎದುರುಬದುರಾಗಿ ಗೋಡೆಗಳಂತೆ ನಿಲ್ಲಿಸಿ, ಕಣದ ಜಾಡನ್ನು ತೋರಿಸಲು ನಡುವೆ ನಿಯಾನ್ ನಳಿಗೆಗಳನ್ನು ಜೋಡಿಸಿದರು. 1965ರಲ್ಲಿ ಆ ಗೋಡೆಗಳು ಒಟ್ಟಿಗೆ ಮಿನುಗಿದವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿಯೂ ಇಂತಹುದೇ ಫಲ ದೊರೆಯಿತು.