ಸ್ಯಾಡಲ್ ತಿರುಗಿಸುವ ಮುನ್ನ ಸ್ಪ್ರಿಂಗ್ ನೋಡಿ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಫ್ರೆಟ್‌ಗಳಿಂದ ತೀರಾ ಮೇಲಿದ್ದರೆ ಬೆರಳ ತುದಿ ಉರಿಯುತ್ತದೆ, ಒತ್ತಿದಾಗ ಶ್ರುತಿಯೂ ಏರುತ್ತದೆ. ತೀರಾ ಕೆಳಗಿದ್ದರೆ ಫ್ರೆಟ್‌ಗೆ ಬಡಿದು ಝರ್ರೆನ್ನುತ್ತದೆ. ಈ ಎತ್ತರಕ್ಕೆ ನುಡಿಸುವವರು ಆಕ್ಷನ್ ಎನ್ನುತ್ತಾರೆ. ಅದನ್ನು ಸರಿಮಾಡಲು ಹೊರಟವರು ಮೊದಲು ಕೈಹಾಕುವುದು ಬ್ರಿಜ್ ಮೇಲೆ ಒಂದೊಂದು ತಂತಿಯನ್ನೂ ಹೊತ್ತಿರುವ ಸ್ಯಾಡಲ್‌ಗಳ ಪುಟ್ಟ ಸ್ಕ್ರೂಗಳಿಗೆ. ಬ್ರಿಜ್ ಅಲುಗಾಡದ ಗಿಟಾರಿನಲ್ಲಾದರೆ ಹಾಗೆ ಮಾಡಿಯೂ ಪಾರಾಗಬಹುದು. ವ್ಯಾಮಿ ಬಾರ್ ಒತ್ತಿ ಶ್ರುತಿ ಏರಿಳಿಸುವ ಟ್ರೆಮೊಲೊ ಬ್ರಿಜ್ ಇದ್ದರೆ ಆ ಸ್ಕ್ರೂಗಳ ಸರದಿ ಬರುವುದು ಕೊನೆಗೆ.

ಕಾರಣ ಆ ಬ್ರಿಜ್‌ನ ರಚನೆಯಲ್ಲೇ ಇದೆ. ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೊಕಾಸ್ಟರ್ ಹೊರತಂದಾಗ ಬಂದ ಈ ವಿನ್ಯಾಸದಲ್ಲಿ ಬ್ರಿಜ್ ಮುಂಭಾಗದ ಸ್ಕ್ರೂಗಳ ಮೇಲೆ ತೂಗುತ್ತದೆ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಗಿಟಾರಿನ ಬೆನ್ನಿನ ಗುಂಡಿಯಲ್ಲಿರುವ ಮೂರರಿಂದ ಐದು ಸ್ಪ್ರಿಂಗ್‌ಗಳು ಹಿಂದಕ್ಕೆ ಜಗ್ಗುತ್ತವೆ. ತಕ್ಕಡಿಯಂತೆ ಎರಡೂ ಸಮವಾದಾಗಲೇ ಬ್ರಿಜ್ ನಿಲ್ಲುವುದು. ತಂತಿಗಳ ಎಳೆತವೇನೂ ಕಡಿಮೆಯದ್ದಲ್ಲ. ಸಾಮಾನ್ಯ 9–42 ಅಳತೆಯ ಸೆಟ್ ಸರಿಯಾದ ಶ್ರುತಿಯಲ್ಲಿದ್ದಾಗ ಒಟ್ಟು ಸುಮಾರು 38 ಕೆ.ಜಿ. ಬಲದಿಂದ ಎಳೆಯುತ್ತದೆ. ಸ್ಪ್ರಿಂಗ್ ಸಡಿಲವಾಗಿದ್ದರೆ ಬ್ರಿಜ್ ಮುಂದಕ್ಕೆ ವಾಲಿ ಹಿಂಬದಿ ಎದ್ದು ನಿಲ್ಲುತ್ತದೆ, ಆರೂ ತಂತಿಗಳು ಒಟ್ಟಿಗೆ ಮೇಲೇರುತ್ತವೆ. ‘ಆಕ್ಷನ್ ಜಾಸ್ತಿ’ ಎಂದು ರಿಪೇರಿಗೆ ಬರುವ ಗಿಟಾರ್‌ಗಳಲ್ಲಿ ಎಷ್ಟೋ ಸಲ ಇರುವ ದೋಷ ಇಷ್ಟೇ. ಆಗ ಸ್ಯಾಡಲ್ ಇಳಿಸಿದರೆ ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತೆ.

ಬೇಕಾಗುವ ಸಾಮಾನು

ಒಂದು ಟ್ಯೂನರ್ (ಮೊಬೈಲ್ ಆ್ಯಪ್ ಸಾಕು), ಪ್ಲಸ್ ಸ್ಕ್ರೂಡ್ರೈವರ್, ಅರ್ಧ ಮಿ.ಮೀ. ಗೆರೆಗಳಿರುವ ಸ್ಟೀಲ್ ಸ್ಕೇಲ್, ಕೇಪೊ, ಅಲೆನ್ ಕೀ. ಅಲೆನ್ ಕೀ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಅಮೆರಿಕದಲ್ಲಿ ತಯಾರಾದ ಫೆಂಡರ್‌ಗಳ ಸ್ಯಾಡಲ್‌ಗೆ ಸಾಮಾನ್ಯವಾಗಿ 0.05 ಇಂಚಿನ ಕೀ ಬೇಕು, ಏಷ್ಯಾದ ಕಾರ್ಖಾನೆಗಳಿಂದ ಬರುವ ಹಲವು ಗಿಟಾರ್‌ಗಳಿಗೆ 1.5 ಮಿ.ಮೀ. ಕೀ. ಹೆಚ್ಚೂಕಡಿಮೆ ಹೊಂದುವ ಕೀ ತುರುಕಿದರೆ ಸ್ಕ್ರೂ ತಲೆ ಸವೆದು ಮುಂದೆ ಯಾವ ಕೀಗೂ ಸಿಗುವುದಿಲ್ಲ. ಫೀಲರ್ ಗೇಜ್ ಇದ್ದರೆ ಒಳ್ಳೆಯದು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಸಾಧನವೇ ಇದು. ಹಾಗಾಗಿ ಸಂಗೀತದ ಅಂಗಡಿಗಿಂತ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಬಿಡಿಭಾಗದ ಅಂಗಡಿಯಲ್ಲಿ ಹುಡುಕಿ. ಅವಧಿ ಮುಗಿದ ನಾಲ್ಕು ಎಟಿಎಂ ಕಾರ್ಡ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಒಂದೊಂದು ಕಾರ್ಡ್ 0.76 ಮಿ.ಮೀ. ದಪ್ಪ. ಈ ಕೆಲಸಕ್ಕೆ ಅಷ್ಟು ನಿಖರತೆ ಸಾಕು.

ಮೊದಲು ಬ್ರಿಜ್

ನೀವು ಮುಂದೆಯೂ ಬಳಸಲಿರುವ ಅಳತೆಯದೇ ಹೊಸ ತಂತಿಗಳನ್ನು ಹಾಕಿ, ಪೂರ್ತಿ ಶ್ರುತಿಗೆ ತನ್ನಿ. ಶ್ರುತಿಯಲ್ಲಿಲ್ಲದ ಗಿಟಾರಿನ ಮೇಲೆ ತೆಗೆದ ಯಾವ ಅಳತೆಗೂ ಬೆಲೆಯಿಲ್ಲ. ಈಗ ಗಿಟಾರನ್ನು ಪಕ್ಕದಿಂದ ನೋಡಿ. ಬ್ರಿಜ್‌ನ ಹಿಂಬದಿಗೂ ಬಾಡಿಗೂ ನಡುವೆ ಸುಮಾರು 3.2 ಮಿ.ಮೀ. ಸಂದು ಇರಬೇಕೆನ್ನುವುದು ಹಳೆಯ ಮಾದರಿಯ ಬ್ರಿಜ್‌ಗೆ ಫೆಂಡರ್ ಹೇಳುವ ಲೆಕ್ಕ. ನಾಲ್ಕು ಎಟಿಎಂ ಕಾರ್ಡ್ ಜೋಡಿಸಿದರೆ ಹತ್ತಿರ ಹತ್ತಿರ ಅಷ್ಟೇ.

ಸಂದು ಹೆಚ್ಚಿದ್ದರೆ ಬೆನ್ನಿನ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳು ಸಿಕ್ಕಿಕೊಂಡಿರುವ ಲೋಹದ ಪಟ್ಟಿಯನ್ನು ಕ್ಲಾ ಎನ್ನುತ್ತಾರೆ. ಅದನ್ನು ಮರಕ್ಕೆ ಹಿಡಿದಿರುವ ಎರಡು ಉದ್ದನೆಯ ಸ್ಕ್ರೂಗಳನ್ನು ಅರ್ಧರ್ಧ ಸುತ್ತು, ಎರಡನ್ನೂ ಸಮನಾಗಿ ಬಿಗಿ ಮಾಡಿ. ಬ್ರಿಜ್ ಹಿಂದಕ್ಕೆ ಕೂರುತ್ತದೆ, ಆದರೆ ತಂತಿಗಳ ಶ್ರುತಿಯೂ ಏರುತ್ತದೆ. ಮತ್ತೆ ಶ್ರುತಿ ಇಳಿಸಿ ಸಂದು ನೋಡಿ. ಶ್ರುತಿ ಇಳಿಸಿದಷ್ಟೂ ಬ್ರಿಜ್ ಇನ್ನಷ್ಟು ಹಿಂದೆ ಸರಿಯುವುದರಿಂದ ಸ್ಕ್ರೂ, ಶ್ರುತಿ, ಸಂದು ಎಂದು ನಾಲ್ಕೈದು ಸಲ ಸುತ್ತುಹೊಡೆಯುವುದು ಅನಿವಾರ್ಯ. ತಾಳ್ಮೆಗೆಡುವವರು ಸೋಲುವುದು ಇಲ್ಲೇ. ಬ್ರಿಜ್ ಅಡಿಗೆ ಆ ನಾಲ್ಕು ಕಾರ್ಡ್ ಇಟ್ಟುಕೊಂಡು ಸ್ಪ್ರಿಂಗ್ ಸ್ವಲ್ಪ ಹೆಚ್ಚೇ ಬಿಗಿಮಾಡಿ, ಗಿಟಾರನ್ನು ಶ್ರುತಿಗೆ ತಂದು, ಕಾರ್ಡ್ ಸಡಿಲವಾಗಿ ಜಾರಿ ಬರುವವರೆಗೆ ಕ್ಲಾ ಸಡಿಲಿಸುತ್ತ ಹೋದರೆ ಈ ಓಡಾಟ ಬಹಳ ತಗ್ಗುತ್ತದೆ.

ಬ್ರಿಜ್ ಹೀಗೆ ಸಂದು ಬಿಟ್ಟು ತೇಲಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ವ್ಯಾಮಿ ಬಾರನ್ನು ಅಪರೂಪಕ್ಕೆ ಕೆಳಗೊತ್ತುವವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಸ್ಪ್ರಿಂಗ್ ಬಿಗಿಮಾಡಿ ಬ್ರಿಜ್ ಬಾಡಿಯ ಮೇಲೇ ಕೂರುವಂತೆ ಮಾಡಿಕೊಂಡರೆ ನೆಮ್ಮದಿ. ಒಂದು ತಂತಿ ತುಂಡಾದರೂ ಉಳಿದವುಗಳ ಶ್ರುತಿ ಅಲ್ಲಾಡದು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತಮ್ಮ ಸ್ಟ್ರಾಟೊಕಾಸ್ಟರ್‌ಗಳಲ್ಲಿ ಮರದ ತುಂಡು ಸಿಕ್ಕಿಸಿ ಟ್ರೆಮೊಲೊ ಅಲುಗಾಡದಂತೆ ಮಾಡಿಸಿಕೊಂಡವರು. ಕರ್ನಾಟಕ ಸಂಗೀತದ ಗಮಕಗಳನ್ನು ತಂತಿ ಎಳೆದು ನುಡಿಸುವವರಿಗಂತೂ ತೇಲುವ ಬ್ರಿಜ್ ತೊಂದರೆಯೇ. ಒಂದು ತಂತಿ ಎಳೆದರೆ ಬ್ರಿಜ್ ಮುಂದೆ ಬಾಗಿ, ಜತೆಗೆ ಮಿಡಿಯುವ ಷಡ್ಜದ ತಂತಿ ಕೆಳಗಿಳಿಯುತ್ತದೆ.

ಆಮೇಲೆ ನೆಕ್

ನೆಕ್ ಪೂರ್ತಿ ನೇರವಾಗಿರಬಾರದು. ತಂತಿ ಕಂಪಿಸಲು ಜಾಗವಾಗುವಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಬಾಗು ಬೇಕು. ಮೊದಲ ಫ್ರೆಟ್ ಮೇಲೆ ಕೇಪೊ ಹಾಕಿ, ದಪ್ಪ ತಂತಿಯನ್ನು ನೆಕ್ ಬಾಡಿಯನ್ನು ಸೇರುವ ಕಡೆ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲಿನ ಸಂದು ನೋಡಿ. 0.25 ಮಿ.ಮೀ. ಇದ್ದರೆ ಸರಿ. ಹೆಚ್ಚಿದ್ದರೆ ನೆಕ್ ಒಳಗಿನ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ, ಕಡಿಮೆಯಿದ್ದರೆ ಎದುರು ದಿಕ್ಕಿಗೆ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ರಾಡ್ ಬಿರುಸಾಗಿ ತಡೆದರೆ ನಿಲ್ಲಿಸಿ, ತಿಳಿದವರ ಕೈಗೆ ಕೊಡಿ. ಮಂಗಳೂರಿನ ಮಳೆಗಾಲ, ಕಲಬುರಗಿಯ ಬೇಸಿಗೆ ಎರಡಕ್ಕೂ ಮರ ಸ್ಪಂದಿಸುತ್ತದೆ. ಋತು ಬದಲಾದಾಗ ಆಕ್ಷನ್ ಕೆಟ್ಟರೆ ಮೊದಲು ನೋಡಬೇಕಾದದ್ದು ಈ ಬಾಗನ್ನೇ.

ಈಗ ಸ್ಯಾಡಲ್

17ನೇ ಫ್ರೆಟ್‌ನ ತಲೆಯಿಂದ ತಂತಿಯ ಅಡಿವರೆಗೆ ಅಳೆಯಿರಿ. ಇಂದಿನ ಬಹುತೇಕ ಸ್ಟ್ರಾಟೊಕಾಸ್ಟರ್‌ಗಳಿಗೆ, ಅಂದರೆ ಫ್ರೆಟ್‌ಬೋರ್ಡಿನ ದುಂಡು 9.5 ಇಂಚು ತ್ರಿಜ್ಯದ್ದಾಗಿದ್ದರೆ, ಎರಡೂ ಅಂಚಿನ ತಂತಿಗಳಿಗೆ 1.6 ಮಿ.ಮೀ. ಒಳ್ಳೆಯ ಆರಂಭ. ಎರಡು ಎಟಿಎಂ ಕಾರ್ಡ್ ಒಳಗೆ ನುಸುಳಿದರೆ ಹೆಚ್ಚುಕಡಿಮೆ ಅಲ್ಲಿಗೆ ಬಂದಂತೆ. 7.25 ಇಂಚು ತ್ರಿಜ್ಯದ ಹಳೆಯ ಮಾದರಿಯ ನೆಕ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ. ಇಡಿ. ಅಷ್ಟು ದುಂಡಾದ ಹಲಗೆಯ ಮೇಲೆ ತಂತಿ ತಗ್ಗಾಗಿದ್ದು, ಅದನ್ನು ಅಡ್ಡ ಎಳೆದರೆ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಗಮಕಪ್ರಿಯರು ಇನ್ನೊಂದು ಕೂದಲೆಳೆ ಮೇಲೇ ಇರಲಿ.

ಪ್ರತಿ ಸ್ಯಾಡಲ್‌ಗೆ ಎರಡು ಸ್ಕ್ರೂ. ಎರಡನ್ನೂ ಸಮವಾಗಿ ತಿರುಗಿಸಿ ಸ್ಯಾಡಲ್ ಓರೆಯಾಗದಂತೆ ನೋಡಿಕೊಳ್ಳಿ. ಸ್ಯಾಡಲ್ 1 ಮಿ.ಮೀ. ಇಳಿದರೆ 12ನೇ ಫ್ರೆಟ್ ಮೇಲೆ ತಂತಿ ಇಳಿಯುವುದು ಅರ್ಧ ಮಿ.ಮೀ., 17ನೆಯದರ ಮೇಲೆ ಸುಮಾರು 0.6 ಮಿ.ಮೀ. ಹೀಗಾಗಿ ತೋರುವುದಕ್ಕಿಂತ ತುಸು ಹೆಚ್ಚೇ ತಿರುಗಿಸಬೇಕಾಗುತ್ತದೆ. ಮೇಲೇರಿಸುವಾಗ ಆ ತಂತಿಯನ್ನು ಸ್ವಲ್ಪ ಸಡಿಲಿಸಿಕೊಂಡರೆ ಸ್ಕ್ರೂ ಸವೆಯದು. ಮೊದಲು ಅಂಚಿನ ಎರಡು ತಂತಿ, ನಂತರ ನಡುವಿನ ನಾಲ್ಕು. ನಡುವಿನವು ಫ್ರೆಟ್‌ಬೋರ್ಡಿನ ದುಂಡನ್ನೇ ಅನುಸರಿಸಬೇಕು. ಪೆನ್ಸಿಲ್‌ಗೆ ದಾರ ಕಟ್ಟಿ 24 ಸೆಂ.ಮೀ. ತ್ರಿಜ್ಯದ ಕಮಾನು ಎಳೆದು ರಟ್ಟು ಕತ್ತರಿಸಿ, ತಂತಿಗಳ ಅಡಿಗೆ ಬ್ರಿಜ್ ಬಳಿ ಹಿಡಿದರೆ ಯಾವುದು ಎದ್ದಿದೆ, ಯಾವುದು ಕುಸಿದಿದೆ ಎಂದು ತಿಳಿಯುತ್ತದೆ.

ಒಂದೊಂದು ಬದಲಾವಣೆಯ ನಂತರವೂ ಶ್ರುತಿ ಮಾಡಿ, ಬ್ರಿಜ್‌ನ ಸಂದನ್ನೂ ಒಮ್ಮೆ ನೋಡಿ. ಕೊನೆಗೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಮಿಡಿಯಿರಿ. ಮೊದಲ ಕೆಲವು ಫ್ರೆಟ್‌ಗಳಲ್ಲಷ್ಟೇ ಝರ್ರೆಂದರೆ ನೆಕ್‌ನ ಬಾಗು ಸಾಲದು, ಮೇಲಿನ ಫ್ರೆಟ್‌ಗಳಲ್ಲಿ ಝರ್ರೆಂದರೆ ಸ್ಯಾಡಲ್ ತೀರಾ ಇಳಿದಿದೆ. ಆಂಪ್ಲಿಫೈಯರ್‌ನಲ್ಲಿ ಕೇಳಿಸದ ಸಣ್ಣ ಸದ್ದಿಗೆ ತಲೆಕೆಡಿಸಿಕೊಳ್ಳಬೇಡಿ.

ಎತ್ತರ ಬದಲಾದ ಮೇಲೆ ಇಂಟೊನೇಷನ್ ನೋಡಲೇಬೇಕು. 12ನೇ ಫ್ರೆಟ್‌ನ ಹಾರ್ಮೋನಿಕ್, ಅಲ್ಲೇ ಒತ್ತಿ ನುಡಿಸಿದ ಸ್ವರ ಎರಡೂ ಟ್ಯೂನರ್‌ನಲ್ಲಿ ಒಂದೇ ಬರಬೇಕು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ನೆಕ್ ಕಡೆಗೆ. ತಂತಿ ಇಳಿಸಿದ್ದರೆ ಪಿಕಪ್‌ಗಳನ್ನೂ ಅಷ್ಟು ತಗ್ಗಿಸಿ. ಇಲ್ಲದಿದ್ದರೆ ಅಯಸ್ಕಾಂತ ದಪ್ಪ ತಂತಿಗಳನ್ನು ಸೆಳೆದು, ಮೇಲಿನ ಫ್ರೆಟ್‌ಗಳಲ್ಲಿ ಎರಡು ಸ್ವರ ಒಟ್ಟಿಗೆ ನಡುಗಿದಂತೆ ಕೇಳಿಸುತ್ತದೆ.

ಫ್ಲಾಯ್ಡ್ ರೋಸ್ ಎಂಬ ಇನ್ನೊಂದು ಬಗೆಯ ಟ್ರೆಮೊಲೊ ಬ್ರಿಜ್‌ನಲ್ಲಿ ಸ್ಯಾಡಲ್‌ಗೆ ಎತ್ತರದ ಸ್ಕ್ರೂ ಇರುವುದಿಲ್ಲ. ಎರಡು ಕಂಬದಂಥ ಬೋಲ್ಟ್‌ಗಳನ್ನು ತಿರುಗಿಸಿ ಇಡೀ ಬ್ರಿಜ್ಜನ್ನೇ ಏರಿಳಿಸಬೇಕು. ತಂತಿ ಬಿಗಿಯಿರುವಾಗ ಆ ಬೋಲ್ಟ್‌ಗಳನ್ನು ಮುಟ್ಟಬೇಡಿ. ಬ್ರಿಜ್ ನಿಂತಿರುವುದೇ ಚಾಕುವಿನಂಥ ಅಂಚಿನ ಮೇಲೆ, ಅದು ಸವೆದರೆ ಬಾರ್ ಮುಟ್ಟಿದ ಮೇಲೆ ಶ್ರುತಿ ಹಿಂದಿರುಗುವುದಿಲ್ಲ.

ಇನ್ನು, 9ರ ಸೆಟ್ ತೆಗೆದು 10–46 ಹಾಕಿದ ದಿನ ಎಳೆತ ಏಳೆಂಟು ಕೆ.ಜಿ. ಹೆಚ್ಚುತ್ತದೆ. ಅವತ್ತು ಮತ್ತೆ ಕ್ಲಾ ಸ್ಕ್ರೂಗಳಿಂದಲೇ ಆರಂಭಿಸಿ.