ಕೆರೆಯ ನೀರಿಗೂ ಒಂದು ದರ್ಜೆ

ಹೊಲಕ್ಕೆ ಹಾಕಿದ ಗೊಬ್ಬರ ಮಳೆನೀರಿನೊಡನೆ ಕೊಚ್ಚಿಹೋಗಿ ಕೆರೆ ಸೇರಿದರೆ ಅಲ್ಲಿ ಬೆಳೆಯುವುದು ಪಾಚಿ. ಸಂತೇಬೆನ್ನೂರಿನ ಪುಷ್ಕರಣಿಯಂಥ ಕಲ್ಲುಕಟ್ಟಡದ ಕೊಳವಿರಲಿ, ಅದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ವಿಶಾಲ ಕೆರೆಯಿರಲಿ, ನೀರಿನ ಬಣ್ಣ, ವಾಸನೆಗಳು ಬಹುಮಟ್ಟಿಗೆ ಅದರಲ್ಲಿರುವ ಪೋಷಕಾಂಶಗಳನ್ನು ಅವಲಂಬಿಸಿವೆ. ಸೂಳೆಕೆರೆಯ ನೀರು ಗದ್ದೆ ತೋಟಗಳಿಗಷ್ಟೇ ಅಲ್ಲದೆ ಚಿತ್ರದುರ್ಗದವರ ಕುಡಿಯುವ ನೀರೂ ಆಗಿರುವುದರಿಂದ ಇದು ಕೇವಲ ಪ್ರಯೋಗಶಾಲೆಯ ವಿಷಯವಲ್ಲ.

ಪೋಷಕಾಂಶಗಳಲ್ಲಿ ಮುಖ್ಯವಾದುದು ರಂಜಕ. ಅಮೆರಿಕದ ವಿಜ್ಞಾನಿ ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಸೂಚಿಸಿದ ಮಾನದಂಡದ ಪ್ರಕಾರ, ಲೀಟರ್ ನೀರಿನಲ್ಲಿ 12 ಮೈಕ್ರೋಗ್ರಾಂಗಿಂತ ಕಡಿಮೆ ರಂಜಕವಿದ್ದರೆ ಅದು ಸಾರ ಕಡಿಮೆಯ ಕೆರೆ. 12ರಿಂದ 24 ಮಧ್ಯಮ, 24ರಿಂದ 96 ಸಾರವತ್ತಾದದ್ದು, ಅದಕ್ಕೂ ಮೇಲೆ ಸಾರ ಮಿತಿಮೀರಿದ್ದು. ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಮೈಕ್ರೋಗ್ರಾಂ. 50 ಕಿಲೋ ಡಿ.ಎ.ಪಿ. ಚೀಲದಲ್ಲಿ ಸುಮಾರು 10 ಕಿಲೋ ರಂಜಕವಿದೆ. ಅದೆಲ್ಲ ನೀರಿಗಿಳಿದರೆ ಸುಮಾರು 40 ಕೋಟಿ ಲೀಟರ್ ಶುದ್ಧ ನೀರು ಮೂರನೆಯ ದರ್ಜೆಯ ಹೊಸ್ತಿಲಿಗೆ ಬರುತ್ತದೆ! ರಂಜಕ ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಸಾಗುವುದರಿಂದ ಬದು ಭದ್ರವಾಗಿದ್ದರೆ ಗೊಬ್ಬರವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.

ಮೀನು ಸಾಕುವವರಿಗೆ ಮೂರನೆಯ ದರ್ಜೆಯ ನೀರು ಬೇಡವೆನಿಸದು. ಅವರು ಬೇಕೆಂದೇ ಸಗಣಿ ಹಾಕುತ್ತಾರೆ. ಆದರೆ ಪಾಚಿ ಮಿತಿಮೀರಿದರೆ ರಾತ್ರಿ ನೀರಿನ ಆಮ್ಲಜನಕ ತೀರಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ನೀಲಿಹಸಿರು ಪಾಚಿಯ ಕೆಲವು ಜಾತಿಗಳು ವಿಷಕಾರಿ. ದಡದಲ್ಲಿ ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಟ್ಟಿದ್ದರೆ ಅಲ್ಲಿ ದನಕರುಗಳಿಗೆ ನೀರು ಕುಡಿಸಬಾರದು. ಕಾಯಿಸಿದರೂ ಆ ವಿಷ ಹೋಗದು.

ಊರಿನಲ್ಲೇ ಪರೀಕ್ಷಿಸಲು ಒಂದು ಗೇಣಗಲದ ಬಿಳಿ ತಟ್ಟೆಗೆ ಕಲ್ಲು ಕಟ್ಟಿ, ಗುರುತು ಹಾಕಿದ ಹಗ್ಗದಿಂದ ನಡುಹಗಲಿನಲ್ಲಿ ಆಳದ ನೀರಿಗೆ ಇಳಿಬಿಡಬೇಕು. ತಟ್ಟೆ 4 ಮೀಟರಿನಾಚೆಗೂ ಕಂಡರೆ ಮೊದಲ ದರ್ಜೆ. 2ರಿಂದ 4 ಮೀಟರಿನೊಳಗೆ ಮರೆಯಾದರೆ ಎರಡನೆಯದು. ಅರ್ಧದಿಂದ 2 ಮೀಟರಿನಲ್ಲಿ ಮೂರನೆಯದು. ಅರ್ಧ ಮೀಟರಿನೊಳಗೇ ಮರೆಯಾದರೆ ಕೊನೆಯದು. ಮಳೆಗಾಲದ ಕೆನ್ನೀರಿನಲ್ಲಿ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ ತಟ್ಟೆಯನ್ನು ಮರೆಮಾಡುವುದು ಮಣ್ಣು. ಸಂಶಯ ಬಂದರೆ ಗಾಜಿನ ಸೀಸೆಯಲ್ಲಿ ನೀರು ತುಂಬಿ ಒಂದು ರಾತ್ರಿ ಅಲುಗಿಸದೆ ಇಡಬೇಕು. ಮಣ್ಣು ಬಹುಪಾಲು ತಳಕ್ಕಿಳಿಯುತ್ತದೆ, ನೀಲಿಹಸಿರು ಪಾಚಿ ಸಾಮಾನ್ಯವಾಗಿ ಮೇಲೆ ತೇಲುತ್ತದೆ.

ಕೆರೆ ಸೇರಿದ ರಂಜಕದ ಹೆಚ್ಚಿನ ಪಾಲು ಹೂಳಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತಿದ್ದ ಹಿರಿಯರು ಹೊಲದಿಂದ ಹೋದದ್ದನ್ನೇ ಗಾಡಿ ತುಂಬಿ ವಾಪಸು ತರುತ್ತಿದ್ದರು. ಈಗಲೂ ಮಣ್ಣು ಪರೀಕ್ಷೆ ಮಾಡಿಸಿ ಹೂಳು ಹಾಕಿದ ಹೊಲಕ್ಕೆ ಆ ವರ್ಷದ ರಂಜಕದ ಗೊಬ್ಬರವನ್ನು ವರದಿಗೆ ತಕ್ಕಂತೆ ಕಡಿಮೆ ಮಾಡಬಹುದು.